ಬಿಲ್ಲಿಗೆ ತಕ್ಕ ಬಾಣ

(ಮಿಶಿಗನ್ ರಾಜ್ಯದಲ್ಲಿ ಬಿಲ್ಲುಬೇಟೆಯ ಋತು ಆರಂಭವಾಗುವುದಕ್ಕೆ ಮುನ್ನ ನಮ್ಮ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ವೇದಿಕೆಯಿಂದ ಬೇಟೆಯ ಬಾಣಗಳ ಬಗ್ಗೆ ಮಾತನಾಡಬೇಕೆಂಬ ಆಹ್ವಾನ ಬಂದಾಗ ನನಗೆ ಸೋಜಿಗವೇ ಆಯಿತು. ಮೊಟ್ಟೆಯನ್ನೂ ಮನೆಯೊಳಗೆ ತರದ ಕುಟುಂಬಗಳು ಈ ಸಭೆಯಲ್ಲಿ ಸಾಕಷ್ಟಿವೆ. ಆದರೆ ಕಾರ್ಯದರ್ಶಿಗಳು ಕೊಟ್ಟ ಕಾರಣ ಸಮಂಜಸವಾಗಿತ್ತು. 2002ರಲ್ಲಿ ಕೆಂಟಕಿ ರಾಜ್ಯದಲ್ಲಿ ಆರಂಭವಾಗಿ ಈ ದೇಶದ ಬಹುಭಾಗಕ್ಕೆ ಹಬ್ಬಿದ ಶಾಲಾ ಬಿಲ್ವಿದ್ಯೆಯ ಕಾರ್ಯಕ್ರಮದಲ್ಲಿ ನಮ್ಮ ಮಕ್ಕಳೂ ಬಿಲ್ಲು ಹಿಡಿಯುತ್ತಿದ್ದಾರೆ. ಹತ್ತನೆಯ ವಯಸ್ಸಿನಲ್ಲಿ ವ್ಯಾಯಾಮಶಾಲೆಯ ಒಳಗೆ ಗುರಿ ಕಲಿತ ಹುಡುಗ ಹದಿನೆಂಟಕ್ಕೆ ಬಂದಾಗ, ಸ್ನೇಹಿತರೊಡನೆ ಜಿಂಕೆಯ ಬೇಟೆಗೆ ಹೋಗುತ್ತೇನೆ, ಬೇಟೆಯ ಬಿಲ್ಲೊಂದು ಬೇಕು ಎನ್ನುತ್ತಾನೆ. ತಂದೆತಾಯಿಗಳು ಒಪ್ಪಬೇಕೋ ಬೇಡವೋ ಎಂಬುದು ಆಯಾ ಮನೆಯವರ ವಿಚಾರ. ನಾನು ಅದರಲ್ಲಿ ತಲೆಹಾಕುವುದಿಲ್ಲ. ಆದರೆ ಒಪ್ಪಿದ ಮೇಲೆ ನಡೆಯುವುದೇನು? ಬಿಲ್ಲಿಗೆ ಸಾವಿರ ಡಾಲರು ಸುರಿಯುತ್ತಾರೆ. ಬಾಣಗಳನ್ನು ಮಾತ್ರ ಅಂಗಡಿಯ ಮೂಲೆಯಲ್ಲಿ ಅಗ್ಗವಾಗಿ ದೊರೆತ ಅರ್ಧ ಡಜನ್ ಪೆಟ್ಟಿಗೆಯಿಂದ ಎತ್ತಿಕೊಂಡು ಬರುತ್ತಾರೆ. ಇಂದಿನ ನನ್ನ ಮಾತೆಲ್ಲ ಈ ತಲೆಕೆಳಗಾದ ಲೆಕ್ಕಾಚಾರವನ್ನು ಕುರಿತದ್ದು. ಗುರಿ ತಪ್ಪುವುದು ಇಲ್ಲಿ ಸಣ್ಣ ಸಂಗತಿ. ತಪ್ಪು ಬಾಣದಿಂದ ಬಿಲ್ಲುಗಾರನ ಕೈ ಹೋಗಬಹುದು. ಗಾಯಗೊಂಡ ಪ್ರಾಣಿಯೊಂದು ಪೊದೆಯೊಳಗೆ ದಿನಗಟ್ಟಲೆ ನರಳಬಹುದು.

ಬಾಣ, ಅಂಬು, ಸರಳು, ಕಣೆ, ಕೋಲು: ಒಂದು ವಸ್ತುವಿಗೆ ನಮ್ಮ ಭಾಷೆಯಲ್ಲಿ ಇಷ್ಟೊಂದು ಹೆಸರುಗಳು. ಹೆದೆ, ಬತ್ತಳಿಕೆ, ಗರಿ, ಅಲಗು, ಮೊನೆ ಎಂಬ ಮಾತುಗಳೂ ನಮಗೆ ಅಪರಿಚಿತವಲ್ಲ. 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜಕುಮಾರರು ಬಿಲ್ಲು ಹಿಡಿದು ಬಂದುದನ್ನು ನೆನೆಯುವ ಹಿರಿಯರೂ ಇಲ್ಲಿದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಭಾರತದಲ್ಲಿ ಬೇಟೆಯ ಬಾಗಿಲು ಮುಚ್ಚಿದ್ದರಿಂದ, ನಮ್ಮ ಪಾಲಿಗೆ ಈ ಮಾತುಗಳು ಪುರಾಣ, ಯಕ್ಷಗಾನ, ಸಿನಿಮಾಗಳಲ್ಲಿ ಮಾತ್ರ ಉಳಿದವು. ಪುರಾಣದ ಬಾಣಕ್ಕೆ ತೂಕವಿಲ್ಲ. ಮಂತ್ರವೇ ಅದನ್ನು ಗುರಿಗೆ ಒಯ್ಯುತ್ತದೆ. ಇಲ್ಲಿಯ ಬಾಣವನ್ನು ಒಯ್ಯುವುದು ಶುದ್ಧ ಗಣಿತ.

ಮೊದಲು ಬಿಲ್ಲಿನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಿಸೂರಿ ರಾಜ್ಯದ ಹಾಲಿಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಅರ್ಜಿ ಸಲ್ಲಿಸಿ 1969ರಲ್ಲಿ ಪೇಟೆಂಟ್ ಪಡೆದ ಬಿಲ್ಲೇ ಇಂದಿನ ಕಾಂಪೌಂಡ್ ಬಿಲ್ಲಿನ ಮೂಲಪುರುಷ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ಅಲೆನ್ ಮಹಾಶಯ ಬಿಲ್ಲಿನ ಎರಡು ತುದಿಗಳಿಗೂ ಕೇಂದ್ರ ತಪ್ಪಿದ ಚಕ್ರಗಳನ್ನು ಅಳವಡಿಸಿದ. ಇಂದು ಕ್ಯಾಮ್ ಎನ್ನುವುದು ಇವನ್ನೇ. ಇದರಿಂದ ಹೆದೆಯ ಭಾರ ಬೇಗನೆ ಶಿಖರಕ್ಕೇರಿ, ಸ್ವಲ್ಪ ಕಾಲ ಅಲ್ಲಿಯೇ ನಿಂತು, ಪೂರ್ತಿ ಎಳೆದಾಗ ಥಟ್ಟನೆ ಇಳಿಯುತ್ತದೆ. 60 ಪೌಂಡಿನ ಬಿಲ್ಲಿನಲ್ಲಿ ಈ ಇಳಿತ ಶೇಕಡಾ 80ರಷ್ಟಿದ್ದರೆ, ಗುರಿ ನೋಡುತ್ತ ನಿಂತವನ ಬೆರಳಿಗೆ ತಗಲುವ ಭಾರ 12 ಪೌಂಡು ಮಾತ್ರ. ಬಿಲ್ಲಿನೊಳಗೆ ಕೂಡಿಟ್ಟ ಶಕ್ತಿಯಾದರೋ ಹಳೆಯ ಬಿಲ್ಲಿಗಿಂತ ಬಹಳ ಹೆಚ್ಚು. ಕೈಗೆ ಹಗುರವೆನಿಸುವುದರಿಂದ ಬಾಣಕ್ಕೂ ಹಗುರವೆಂದು ಭಾವಿಸುವುದೇ ಮೊದಲ ಭ್ರಮೆ. ಆ ಶಕ್ತಿಯೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಬಾಣದ ಬಾಲಕ್ಕೆ ಗುದ್ದುತ್ತದೆ. ಆದ್ದರಿಂದಲೇ ಮರದ ಬಾಣಗಳನ್ನು, ಅವು ಎಷ್ಟೇ ಸುಂದರವಾಗಿರಲಿ, ಕಾಂಪೌಂಡ್ ಬಿಲ್ಲಿಗೆ ಹೂಡತಕ್ಕದ್ದಲ್ಲ.

ಬಾಣವನ್ನು ಆರಿಸುವಾಗ ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಅದರ ಬಿರುಸನ್ನು, ಅಂದರೆ ಬಾಗದೆ ನಿಲ್ಲುವ ಗುಣವನ್ನು. ಇದಕ್ಕೆ ಇಲ್ಲಿಯವರು ಸ್ಪೈನ್ ಎನ್ನುತ್ತಾರೆ. ಬಾಣ ನೆಟ್ಟಗೆ ಹಾರುತ್ತದೆಂದು ನಾವು ತಿಳಿದಿದ್ದೇವೆ. ವಸ್ತುತಃ ಅದು ಮೀನಿನಂತೆ ಬಳುಕುತ್ತ ಹೊರಡುತ್ತದೆ. ಬೆಲ್ ಪ್ರಯೋಗಾಲಯದ ವಿಜ್ಞಾನಿಯಾಗಿದ್ದ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಿಂದ ಈ ಬಳುಕಾಟವನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದ. ಹಿಂದಿನಿಂದ ಹೆದೆ ತಳ್ಳುತ್ತದೆ. ಮುಂದಿನ ಮೊನೆ ತನ್ನ ಭಾರದಿಂದಾಗಿ ಒಡನೆ ಕದಲಲೊಲ್ಲದು. ನಡುವಿನ ಕೋಲು ಬಾಗದೆ ಗತಿಯಿಲ್ಲ. ಉದ್ದನೆಯ ಬೆತ್ತವನ್ನು ನೆಲಕ್ಕೆ ಊರಿ ಮೇಲಿನಿಂದ ಅದುಮಿದರೆ ಏನಾಗುತ್ತದೆಂಬುದನ್ನು ತಾವೆಲ್ಲ ಬಲ್ಲಿರಿ. ಬಿಲ್ಲಿನ ಬಲಕ್ಕೆ ತಕ್ಕಷ್ಟೇ ಬಾಗಿ ಬೇಗ ಸುಧಾರಿಸಿಕೊಂಡ ಬಾಣ ಒಳ್ಳೆಯ ಬಾಣ. ಅತಿಯಾಗಿ ಬಾಗುವ ಬಾಣ ಗುರಿಯನ್ನು ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಹೆದೆಯನ್ನು ಬಿಡುವ ಕ್ಷಣದಲ್ಲಿಯೇ ಸಿಡಿದು ಚೂರಾಗುತ್ತದೆ.

ಈ ಬಿರುಸನ್ನು ಅಳೆಯುವ ವಿಧಾನ ಸರಳವಾಗಿದೆ. ಕಾರ್ಬನ್ ಕೋಲನ್ನು 28 ಅಂಗುಲ ಅಂತರದ ಎರಡು ಆಧಾರಗಳ ಮೇಲಿಟ್ಟು, ನಟ್ಟನಡುವೆ 1.94 ಪೌಂಡಿನ ತೂಕವನ್ನು ತೂಗುಹಾಕುತ್ತಾರೆ. ಕೋಲು ಎಷ್ಟು ಜಗ್ಗಿತೆಂಬುದನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. 0.400 ಅಂಗುಲ ಜಗ್ಗಿದರೆ ಅದು 400ರ ಬಾಣ; 0.340 ಜಗ್ಗಿದರೆ 340ರದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಖ್ಯೆ ದೊಡ್ಡದಾದಷ್ಟೂ ಬಾಣ ಬಳುಕು, ಚಿಕ್ಕದಾದಷ್ಟೂ ಬಿರುಸು. 500 ಎಂದು ಬರೆದಿರುವುದನ್ನು ಕಂಡು, 400ಕ್ಕಿಂತ ಬಲವಾದದ್ದೆಂದು ಹಿಗ್ಗಿ 70 ಪೌಂಡಿನ ಬಿಲ್ಲಿಗೆ ಕೊಂಡುಕೊಂಡವನು ಅಪಾಯವನ್ನು ಹಣ ಕೊಟ್ಟು ತಂದಂತಾಯಿತು.

ಅಲ್ಯೂಮಿನಿಯಂ ಬಾಣಗಳ ಸಂಕೇತವೇ ಬೇರೆ. 2213 ಎಂದಿದ್ದರೆ ಮೊದಲ ಎರಡು ಅಂಕಿಗಳು ಹೊರವ್ಯಾಸವನ್ನು ಅಂಗುಲದ 64ನೆಯ ಭಾಗಗಳಲ್ಲಿಯೂ, ಕೊನೆಯ ಎರಡು ಅಂಕಿಗಳು ಗೋಡೆಯ ದಪ್ಪವನ್ನು ಅಂಗುಲದ ಸಾವಿರದ ಭಾಗಗಳಲ್ಲಿಯೂ ಸೂಚಿಸುತ್ತವೆ. ತಮ್ಮ ಮಕ್ಕಳು ಶಾಲೆಯಲ್ಲಿ ಬಳಸುವ ಅಲ್ಯೂಮಿನಿಯಂ ಬಾಣದ ಮೇಲೆ 1820 ಎಂದಿರುತ್ತದೆ, ನೋಡಿ. ಅಂದರೆ 18/64 ಅಂಗುಲ ವ್ಯಾಸ, 0.020 ಅಂಗುಲ ದಪ್ಪ. ಅದು 10ರಿಂದ 20 ಪೌಂಡಿನ ಶಾಲೆಯ ಬಿಲ್ಲಿಗೆಂದು ಗೊತ್ತುಪಡಿಸಿದ್ದು. ಮನೆಯಲ್ಲಿ ಬಿದ್ದಿದೆಯಲ್ಲಾ ಎಂದು ಅಣ್ಣನ 60 ಪೌಂಡಿನ ಬಿಲ್ಲಿಗೆ ತಮ್ಮನ ಶಾಲೆಯ ಬಾಣವನ್ನು ಹೂಡಿ ಪರೀಕ್ಷಿಸುವುದು ಸರ್ವಥಾ ಕೂಡದು. ಒಂದೇ ಗ್ಯಾರೇಜಿನಲ್ಲಿ ಎರಡು ಬಗೆಯ ಬಿಲ್ಲುಗಳಿರುವ ಮನೆಗಳು ಎರಡು ಬತ್ತಳಿಕೆಗಳನ್ನೂ ಬೇರೆಬೇರೆ ಗೋಡೆಗೆ ತೂಗುಹಾಕಲಿ.

ಪೆಟ್ಟಿಗೆಯ ಮೇಲಿನ ಸಂಖ್ಯೆ ಒಂದೇ ಆದರೂ ಬಳಕೆಯಲ್ಲಿ ಬಿರುಸು ಬದಲಾಗುತ್ತದೆ. ಕೋಲನ್ನು ಕತ್ತರಿಸಿ ಕಿರಿದು ಮಾಡಿದರೆ ಬಿರುಸು ಏರುತ್ತದೆ. ತೊಲೆಯ ಬಾಗುವಿಕೆ ಅದರ ಉದ್ದದ ಘನವನ್ನು ಅನುಸರಿಸುತ್ತದೆಂದು ಎಂಜಿನಿಯರಿಂಗ್ ಓದಿದವರು, ಅಂದರೆ ಈ ಸಭಾಂಗಣದ ಅರ್ಧದಷ್ಟು ಜನ, ಕಲಿತಿದ್ದಾರೆ. 30 ಅಂಗುಲದ ಕೋಲನ್ನು 28ಕ್ಕೆ ಇಳಿಸಿದರೆ ಬಿರುಸು ಹೆಚ್ಚುಕಡಿಮೆ ಕಾಲುಭಾಗದಷ್ಟು ಹೆಚ್ಚುತ್ತದೆ. ತದ್ವಿರುದ್ಧವಾಗಿ, 100 ಗ್ರೇನಿನ ಮೊನೆಯನ್ನು ತೆಗೆದು 125ರದನ್ನು ಹಾಕಿದರೆ ಅದೇ ಕೋಲು ಹೆಚ್ಚು ಬಳುಕುತ್ತದೆ. ಹೀಗಾಗಿ ಅಂಗಡಿಯಲ್ಲಿ ತೂಗುಹಾಕಿರುವ ಕೋಷ್ಟಕವನ್ನು ನೋಡುವವನ ಕೈಯಲ್ಲಿ ಮೂರು ಸಂಖ್ಯೆಗಳಿರಬೇಕು: ಬಿಲ್ಲಿನ ಶಿಖರಭಾರ, ಬಾಣದ ಉದ್ದ, ಮೊನೆಯ ತೂಕ. ಸಾಧಾರಣವಾಗಿ 60 ಪೌಂಡು, 28 ಅಂಗುಲ, 100 ಗ್ರೇನ್ ಎಂದರೆ 400ರ ಬಾಣ ಬರುತ್ತದೆ. 70 ಪೌಂಡು, 29 ಅಂಗುಲ ಎಂದರೆ 340ರ ಆಸುಪಾಸು. ಎರಡು ಮನೆಗಳ ಗಡಿಯಲ್ಲಿ ನಿಂತಿದ್ದೀರಾದರೆ ಬಿರುಸಾದದ್ದನ್ನೇ ಕೊಳ್ಳಿ. ಕಾಂಪೌಂಡ್ ಬಿಲ್ಲು ಸ್ವಲ್ಪ ಹೆಚ್ಚು ಬಿರುಸನ್ನು ಸಹಿಸುತ್ತದೆ, ಬಳುಕನ್ನು ಸಹಿಸದು.

ಉದ್ದದ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಯನ್ನು ಎಷ್ಟು ದೂರ ಎಳೆಯಬೇಕೆಂಬುದು ಬಿಲ್ಲಿನಲ್ಲಿಯೇ ನಿಗದಿಯಾಗಿರುತ್ತದೆ. ಅದು ಆಳಿಗೆ ಹೊಂದಬೇಕು. ಎರಡೂ ಕೈಗಳನ್ನು ಚಾಚಿ, ನಡುಬೆರಳ ತುದಿಯಿಂದ ತುದಿಗೆ ಅಳೆದು, ಎರಡೂವರೆಯಿಂದ ಭಾಗಿಸಿದರೆ ಸ್ಥೂಲವಾದ ಲೆಕ್ಕ ಸಿಗುತ್ತದೆ. 67 ಅಂಗುಲ ಚಾಚುವವನಿಗೆ 27 ಅಂಗುಲಕ್ಕೆ ಒಂದು ಎಳ್ಳಿನಷ್ಟು ಕಡಿಮೆ. ಬಾಣದ ಉದ್ದವನ್ನು ಹೆದೆ ಕೂರುವ ಕಚ್ಚಿನಿಂದ ಕೋಲಿನ ಕೊನೆಯವರೆಗೆ ಅಳೆಯಬೇಕು, ಮೊನೆಯನ್ನು ಸೇರಿಸಬಾರದು. ಪೂರ್ತಿ ಎಳೆದಾಗಲೂ ಕೋಲಿನ ತುದಿ ಬಾಣದ ಆಸರೆಗಿಂತ ಒಂದಂಗುಲವಾದರೂ ಮುಂದಿರಬೇಕು. ಗಿಡ್ಡ ಬಾಣ ಆಸರೆಯಿಂದ ಹಿಂದಕ್ಕೆ ಜಾರಿ, ಬಿಲ್ಲು ಹಿಡಿದ ಎಡಗೈಯೊಳಕ್ಕೇ ನುಗ್ಗಿದ ಪ್ರಸಂಗಗಳಿವೆ.

ಎರಡನೆಯದು ತೂಕ. ಇಲ್ಲಿ ಬಾಣವನ್ನು ತೂಗುವ ಮಾನ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ಹೊಸ ಮಾನವೆಂದು ಗಾಬರಿಯಾಗಬೇಡಿ. ಬ್ರಿಟಿಷ್ ಸರಕಾರ 1833ರಲ್ಲಿ ನಮ್ಮ ತೊಲವನ್ನು ಗೊತ್ತುಪಡಿಸಿದ್ದೇ 180 ಗ್ರೇನ್ ಎಂದು. ಆದ್ದರಿಂದ 450 ಗ್ರೇನಿನ ಬಾಣವೆಂದರೆ ಎರಡೂವರೆ ತೊಲ. ಚಿನ್ನದ ಸರವನ್ನು ಅಂಗೈಯಲ್ಲಿಟ್ಟು ತೂಕ ಹೇಳಬಲ್ಲ ನಮ್ಮ ಹೆಂಗಸರು ಈ ವಿಷಯದಲ್ಲಿ ಇಲ್ಲಿಯ ಬೇಟೆಗಾರರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದಾರೆ.

ಲೆಕ್ಕವನ್ನೊಮ್ಮೆ ಮಾಡಿ ನೋಡೋಣ. ಅಂಗುಲಕ್ಕೆ 9 ಗ್ರೇನ್ ತೂಗುವ ಕೋಲು, 28 ಅಂಗುಲಕ್ಕೆ 252. ಮೊನೆಯನ್ನು ತಿರುಪಿ ಕೂರಿಸುವ ಒಳಬಿರಡೆ, ಅಂದರೆ ಇನ್ಸರ್ಟ್, 20. ಮೂರು ಪ್ಲಾಸ್ಟಿಕ್ ಗರಿಗಳಿಗೆ 18. ಹಿಂಬದಿಯ ಕಚ್ಚಿಗೆ 10. ಮೊನೆ 100. ಒಟ್ಟು 400 ಗ್ರೇನ್. 60 ಪೌಂಡಿನ ಬಿಲ್ಲಿಗೆ ಇದು ಪೌಂಡಿಗೆ ಆರೂಮುಕ್ಕಾಲು ಗ್ರೇನಿನ ಹತ್ತಿರ ಬಂತು. ಬಿಲ್ಲು ತಯಾರಕರು ಸಾಮಾನ್ಯವಾಗಿ ವಿಧಿಸುವ ಕನಿಷ್ಠ ಮಿತಿ ಪೌಂಡಿಗೆ 5 ಗ್ರೇನ್. ಅದಕ್ಕಿಂತ ಹಗುರವಾದ ಬಾಣವನ್ನು ಬಿಟ್ಟರೆ, ಬಾಣವೇ ಇಲ್ಲದೆ ಬರಿಯ ಹೆದೆಯನ್ನು ಬಿಟ್ಟಂತೆಯೇ ಸರಿ. ಬಾಣ ಹೊತ್ತೊಯ್ಯಲಾರದ ಶಕ್ತಿ ಬಿಲ್ಲಿನ ತೋಳುಗಳಿಗೆ ಮರಳುತ್ತದೆ. ತೋಳು ಸೀಳಬಹುದು, ಹೆದೆ ಕಿತ್ತು ಮುಖಕ್ಕೆ ಅಪ್ಪಳಿಸಬಹುದು. ಐದು ಎಂಬುದು ಗೋಡೆ, ಗುರಿಯಲ್ಲ. ಜಿಂಕೆಯ ಬೇಟೆಗೆ ಪೌಂಡಿಗೆ ಆರೂವರೆಯಿಂದ ಎಂಟು ಗ್ರೇನ್ ಇರಬೇಕೆಂಬುದು ನನ್ನ ಅಭಿಮತ.

ಆದರೆ ಮಾರುಕಟ್ಟೆ ಹೇಳುವುದು ಬೇರೆ. ಬಿಲ್ಲಿನ ಜಾಹೀರಾತುಗಳಲ್ಲೆಲ್ಲ ವೇಗದ್ದೇ ಜಪ: ಸೆಕೆಂಡಿಗೆ 320 ಅಡಿ, 340 ಅಡಿ. ಆ ಅಂಕಿಗಳನ್ನು ಪಡೆಯುವುದು 70 ಪೌಂಡಿನ ಭಾರ, 30 ಅಂಗುಲದ ಎಳೆತ, 350 ಗ್ರೇನಿನ ಬಾಣ ಇಟ್ಟುಕೊಂಡು. ಎಳೆತ ಒಂದಂಗುಲ ಕಡಿಮೆಯಾದರೆ ವೇಗ ಸುಮಾರು ಹತ್ತಡಿ ಇಳಿಯುತ್ತದೆ. 27 ಅಂಗುಲದ ನಮ್ಮ ಹುಡುಗ ಜಾಹೀರಾತಿನ ವೇಗವನ್ನು ಎಂದೂ ಕಾಣಲಾರ. ಅದನ್ನು ಮುಟ್ಟಲೆಂದು ಬಾಣವನ್ನು ಹಗುರಗೊಳಿಸುತ್ತ ಹೋಗುವುದು ವ್ಯರ್ಥ ಸಾಹಸ.

ವ್ಯರ್ಥವೇಕೆ? 350 ಗ್ರೇನಿನ ಬಾಣ ಸೆಕೆಂಡಿಗೆ 320 ಅಡಿ ಹಾರಿದರೆ ಅದರಲ್ಲಿರುವ ಶಕ್ತಿ 80 ಅಡಿ-ಪೌಂಡಿನಷ್ಟು. 450 ಗ್ರೇನಿನದು 285 ಅಡಿ ವೇಗದಲ್ಲಿ ಹಾರಿದರೆ 81. ಶಕ್ತಿ ಸರಿಸಮ. ಆದರೆ ತೂಕವನ್ನು ವೇಗದಿಂದ ಗುಣಿಸಿದ ಸಂವೇಗ ಎರಡನೆಯದರಲ್ಲಿ ಶೇಕಡಾ 14ರಷ್ಟು ಹೆಚ್ಚು. ಪಕ್ಕೆಲುಬನ್ನು ದಾಟಿ ಆಚೆ ಬರುವುದಕ್ಕೆ ನೆರವಾಗುವುದು ಇದು. ಇನ್ನು ಸದ್ದಿನ ವಿಚಾರ. ಜಿಂಕೆ ನಿಂತಿರುವುದು 25 ಗಜ, ಅಂದರೆ 75 ಅಡಿ ದೂರದಲ್ಲಿ. ಹಗುರ ಬಾಣಕ್ಕೆ ಅಲ್ಲಿಗೆ ಹೋಗಲು 0.23 ಸೆಕೆಂಡು ಬೇಕು, ಭಾರದ್ದಕ್ಕೆ 0.26. ಹೆದೆಯ ಸದ್ದಾದರೋ ಸೆಕೆಂಡಿಗೆ 1100 ಅಡಿಗೂ ಹೆಚ್ಚಿನ ವೇಗದಲ್ಲಿ ಸಾಗಿ 0.07 ಸೆಕೆಂಡಿನಲ್ಲೇ ಅದರ ಕಿವಿಗೆ ಬಿದ್ದಿರುತ್ತದೆ. ಬೆದರಿದ ಬಿಳಿಬಾಲದ ಜಿಂಕೆ ನೆಗೆಯುವ ಮುನ್ನ ಕಾಲು ಮಡಿಸಿ ಮೈಯನ್ನು ಕುಗ್ಗಿಸುತ್ತದೆ. ಎದೆಗೆ ಹೂಡಿದ ಬಾಣ ಬೆನ್ನಿನ ಮೇಲಕ್ಕೆ ಹೋಗುತ್ತದೆ. ಯಾವ ಬಾಣವೂ ಸದ್ದನ್ನು ಹಿಂದಿಕ್ಕಲಾರದು. ಸದ್ದನ್ನು ತಗ್ಗಿಸುವುದೊಂದೇ ದಾರಿ. ಭಾರವಾದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುವುದರಿಂದ ಬಿಲ್ಲು ಮೆಲ್ಲಗೆ ಸದ್ದು ಮಾಡುತ್ತದೆ. 0.03 ಸೆಕೆಂಡಿನ ಉಳಿತಾಯಕ್ಕೆ ಇದನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ತೂಕವನ್ನು ಹೆಚ್ಚಿಸುವುದಾದರೆ ಮುಂಭಾಗದಲ್ಲಿ ಹೆಚ್ಚಿಸಿ. ಮೇಲಿನ ಲೆಕ್ಕದಲ್ಲಿ 20 ಗ್ರೇನಿನ ಇನ್ಸರ್ಟ್ ಬದಲಿಗೆ 50ರ ಹಿತ್ತಾಳೆಯದನ್ನೂ, 125ರ ಮೊನೆಯನ್ನೂ ಹಾಕಿದರೆ ಒಟ್ಟು 455 ಆಯಿತು. ಆಗ ಕೋಲು ಹೆಚ್ಚು ಬಳುಕುವುದರಿಂದ 400ರದನ್ನು ಬಿಟ್ಟು 350ರದಕ್ಕೆ ಹೋಗಬೇಕು. ಇದನ್ನು ಮರೆಯುವವರೇ ಹೆಚ್ಚು. ಬಾಣವನ್ನು ಬೆರಳ ಮೇಲೆ ತೂಗಿಸಿ ಸಮತೋಲದ ಬಿಂದುವನ್ನು ಗುರುತಿಸಿ. 28 ಅಂಗುಲದ ಬಾಣ ಕಚ್ಚಿನಿಂದ ಹದಿನೇಳೂವರೆ ಅಂಗುಲದಲ್ಲಿ ತೂಗಿದರೆ, ನಡುಬಿಂದುವಿಗಿಂತ ಮೂರೂವರೆ ಅಂಗುಲ ಮುಂದೆ, ಅಂದರೆ ಶೇಕಡಾ ಹನ್ನೆರಡೂವರೆ. ಬೇಟೆಗೆ ಹತ್ತರಿಂದ ಹದಿನೈದರೊಳಗೆ ಇದ್ದರೆ ಸಾಕು. ಕೋಲು ಎಷ್ಟು ನೆಟ್ಟಗಿದೆ, 0.001 ಅಂಗುಲವೋ 0.006 ಅಂಗುಲವೋ ಎಂಬುದಕ್ಕೆ ಅಂಗಡಿಯವರು ದುಪ್ಪಟ್ಟು ಬೆಲೆ ಹೇಳುತ್ತಾರೆ. 25 ಗಜದ ಬೇಟೆಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಆ ಹಣವನ್ನು ಅಲಗಿಗೆ ಇಡಿ.

ಅಲಗಿನ ಕಡೆಗೆ ಬರುತ್ತೇನೆ. ಬಂದೂಕಿನ ಗುಂಡಿನಂತೆ ಬಾಣ ಆಘಾತದಿಂದ ಕೊಲ್ಲುವುದಿಲ್ಲ. ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಸಸ್ಯಾಹಾರಿಗಳ ಎದುರಿನಲ್ಲಿ ಇದನ್ನು ಹೇಳುವುದಕ್ಕೆ ಸಂಕೋಚವಾದರೂ, ಮಗನಿಗೆ ಬಿಲ್ಲು ಕೊಡಿಸುವ ತಾಯಿತಂದೆಗಳು ಇದನ್ನು ತಿಳಿಯದೆ ಕೊಡಿಸಬಾರದು. ಹರಿತವಾದ ಅಲಗು ಎರಡೂ ಶ್ವಾಸಕೋಶಗಳನ್ನು ದಾಟಿ ಆಚೆ ಹೊರಟರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಉರುಳುತ್ತದೆ. ಒಳಹೊಕ್ಕು ಅಲ್ಲಿಯೇ ನಿಂತ ಬಾಣ ರಕ್ತದ ಜಾಡನ್ನು ಬಿಡುವುದಿಲ್ಲ. ಕತ್ತಲಾಗುವುದರೊಳಗೆ ಪ್ರಾಣಿ ಕೈತಪ್ಪುತ್ತದೆ. ತೂಕ, ಬಿರುಸು, ಸಮತೋಲ ಎಂದು ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಅಲಗು ಆಚೆ ಬದಿಗೆ ಹೊರಬರಲಿ ಎಂಬ ಒಂದು ಉದ್ದೇಶಕ್ಕೆ.

ಅಲಗುಗಳಲ್ಲಿ ಎರಡು ಜಾತಿ. ಸ್ಥಿರವಾದದ್ದು ಒಂದು, ತಗಲಿದೊಡನೆ ರೆಕ್ಕೆಯಂತೆ ಬಿಚ್ಚಿಕೊಳ್ಳುವುದು ಇನ್ನೊಂದು. ಎರಡನೆಯದು ಗಾಳಿಯಲ್ಲಿ ಅಭ್ಯಾಸದ ಮೊನೆಯಂತೆಯೇ ಹಾರುವುದರಿಂದ ಜನಪ್ರಿಯ. ಆದರೆ ಬಿಚ್ಚಿಕೊಳ್ಳುವುದಕ್ಕೂ, ಅಗಲವಾಗಿ ಕೊಯ್ಯುವುದಕ್ಕೂ ಶಕ್ತಿ ಖರ್ಚಾಗುತ್ತದೆ. 65, 70 ಪೌಂಡಿನವರು ಆ ಖರ್ಚನ್ನು ತಾಳಿಕೊಂಡಾರು. 45 ಪೌಂಡಿನ ಬಿಲ್ಲು, 26 ಅಂಗುಲದ ಎಳೆತದ ಹೆಣ್ಣುಮಗಳೊಬ್ಬಳಿಗೆ ನನ್ನ ಸಲಹೆ: ಎರಡು ತೊಲ, ಅಂದರೆ 360 ಗ್ರೇನಿಗೆ ಕಡಿಮೆಯಿಲ್ಲದ ಬಾಣ, ಎರಡು ಬಾಯಿಯ ಸ್ಥಿರ ಅಲಗು, 20 ಗಜದೊಳಗಿನ ಗುರಿ. ಅವಳ ಬಾಣ 70 ಪೌಂಡಿನ ಬಿಲ್ಲುಗಾರನ ಹಗುರ ಬಾಣದಷ್ಟೇ ಗಂಭೀರವಾಗಿ ಕೆಲಸ ಮಾಡುತ್ತದೆ. ಅಲಗಿನ ಅಗಲ ಮಿಶಿಗನ್ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಕನಿಷ್ಠ 7/8 ಅಂಗುಲವಿರಬೇಕೆಂಬ ನಿಯಮವಿದೆ. ಪ್ರತಿವರ್ಷವೂ ರಾಜ್ಯ ಪ್ರಕಟಿಸುವ ನಿಯಮಗಳನ್ನು ಓದಿಕೊಳ್ಳಿ. 1960ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ಶಿಕ್ಷಣ ಪಡೆಯದೆ ಇಲ್ಲಿ ಸಾಮಾನ್ಯ ಪರವಾನಗಿ ಪಡೆಯುವಂತಿಲ್ಲ. ತಂದೆತಾಯಿಗಳೂ ಮಗನೊಡನೆ ಆ ತರಗತಿಯಲ್ಲಿ ಕುಳಿತರೆ ಒಳ್ಳೆಯದು.

ಇನ್ನು ಬಾಣದ ಆರೋಗ್ಯ ತಪಾಸಣೆ. ಅಲ್ಯೂಮಿನಿಯಂ ಬಾಣ ಬಾಗಿದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಬಾಣ ಒಂದೋ ನೆಟ್ಟಗಿರುತ್ತದೆ, ಇಲ್ಲವೇ ಮುರಿದಿರುತ್ತದೆ. ಆದರೆ ಮುರಿಯುವುದಕ್ಕೆ ಮುಂಚಿನ ಸೀಳು ಕಣ್ಣಿಗೆ ಬೀಳದೆ ಒಳಗೇ ಅಡಗಿರಬಹುದು. ಅದು ಹೆದೆ ಬಿಡುವಾಗ ಸಿಡಿದರೆ ಸೂಜಿಯಂಥ ಕಾರ್ಬನ್ ಎಳೆಗಳು ಎಡಗೈಗೆ ನೆಡುತ್ತವೆ, ಶಸ್ತ್ರಚಿಕಿತ್ಸೆಯಿಲ್ಲದೆ ಬಾರವು. ಆದ್ದರಿಂದ ಪ್ರತಿ ಬಾರಿ ಹೂಡುವ ಮುನ್ನ, ಅದರಲ್ಲೂ ಮರಕ್ಕೋ ಕಲ್ಲಿಗೋ ಇನ್ನೊಂದು ಬಾಣಕ್ಕೋ ತಗಲಿದ ನಂತರ, ಬಾಣದ ಎರಡು ತುದಿಗಳನ್ನೂ ಹಿಡಿದು, ಮುಖದಿಂದ ದೂರಕ್ಕೆ, ಮೆಲ್ಲಗೆ ಬಾಗಿಸಿ. ತಿರುಗಿಸುತ್ತ ನಾಲ್ಕೂ ದಿಕ್ಕಿಗೆ ಬಾಗಿಸಿ. ಚಿಟಚಿಟ ಸದ್ದು ಕೇಳಿಸಿದರೆ, ಬೆರಳಿಗೆ ಗೀರು ತಗಲಿದರೆ, ಎರಡು ತುಂಡು ಮಾಡಿ ಕಸಕ್ಕೆ ಹಾಕಿ. ಹನ್ನೆರಡು ಡಾಲರಿನ ಬಾಣವೆಂದು ಅಂಟು ಹಚ್ಚಿ ಉಳಿಸಿಕೊಳ್ಳುವ ನಮ್ಮ ಮಿತವ್ಯಯದ ಬುದ್ಧಿಯನ್ನು ಇಲ್ಲಿ ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ. ಬೇಟೆಯಾದ ಪ್ರಾಣಿಯೊಳಗೆ ಬಾಣ ಮುರಿದಿದ್ದರೆ, ಗಾಯದ ಸುತ್ತಲಿನ ಮಾಂಸವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಆ ಎಳೆಗಳು ತಿನ್ನುವವನ ಗಂಟಲಿಗೆ ಹೋಗಬಾರದು.

ಕೊನೆಯದಾಗಿ, ಒಂದೇ ಬಾರಿಗೆ ಡಜನ್ ಬಾಣಗಳನ್ನು ಕೊಂಡುಬಿಡಬೇಡಿ. ಎರಡೋ ಮೂರೋ ಕೊಂಡು, ಬೇಟೆಗೆ ಬಳಸುವ ಅಲಗನ್ನೇ ಹಾಕಿ, ಅಲಗಿಗೆಂದೇ ಮಾಡಿದ ಗುರಿಯ ಮೇಲೆ ಬಿಟ್ಟು ನೋಡಿ. ಅಭ್ಯಾಸದ ಮೊನೆ ಬಿದ್ದ ಜಾಗದಲ್ಲಿಯೇ ಅಲಗೂ ಬಿದ್ದರೆ ಬಾಣ ಬಿಲ್ಲಿಗೆ ಹೊಂದಿದೆ. ನಾಲ್ಕು ಅಂಗುಲ ಆಚೀಚೆ ಬಿದ್ದರೆ ಬಿಲ್ಲಿನ ಹೊಂದಾಣಿಕೆಯನ್ನೋ ಕೋಲಿನ ಬಿರುಸನ್ನೋ ಪರೀಕ್ಷಿಸಬೇಕು. ಒಳ್ಳೆಯ ಅಂಗಡಿಯವನು ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಬಾಣ ಬಿಡಿಸಿ, ಹರಿದ ತೂತಿನ ಆಕಾರದಿಂದಲೇ ರೋಗವನ್ನು ಹೇಳುತ್ತಾನೆ. ಅಕ್ಟೋಬರ್ 1ಕ್ಕೆ ಋತು ತೆರೆಯುತ್ತದೆ. ಈ ಕೆಲಸವನ್ನು ಸೆಪ್ಟೆಂಬರಿನ ಕೊನೆಯ ವಾರಕ್ಕೆ ಇಟ್ಟುಕೊಂಡವರಿಗೆ ಅಂಗಡಿಯಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ.

ಮುಂದಿನ ಮೇಜಿನ ಮೇಲೆ 340, 400, 500ರ ಮೂರು ಕೋಲುಗಳನ್ನೂ, ಶಾಲೆಯ 1820 ಬಾಣವನ್ನೂ ಇಟ್ಟಿದ್ದೇನೆ. ಕೈಯಲ್ಲಿ ಹಿಡಿದು ಬಾಗಿಸಿ ನೋಡಬಹುದು. ಡಬ್ಬಿಯಲ್ಲಿರುವ ಅಲಗುಗಳನ್ನು ಮಾತ್ರ ನಾನೇ ತೆಗೆದು ತೋರಿಸುತ್ತೇನೆ, ಮಕ್ಕಳು ಮುಟ್ಟದಿರಲಿ. ಚಿಕ್ಕ ತಕ್ಕಡಿಯೂ ಇದೆ; ಮನೆಯಿಂದ ಬಾಣ ತಂದವರಿಗೆ ಊಟಕ್ಕೆ ಮುನ್ನ ತೂಗಿ ಹೇಳುತ್ತೇನೆ.